ಕೂಸು ಕಬ್ಬಿನ ಹೊಲದಲ್ಲಿ, ಅನುದಾನ ಊರಲ್ಲಿ

ದೀಪಾವಳಿ ಮುಗಿದು ವಾರವಾಗಿತ್ತು. ಇಂಡಿ ತಾಲೂಕಿನ ಒಂದು ತಾಂಡಾದ ಅಂಗನವಾಡಿಗೆ ಹೋಗಿದ್ದೆ. ಗೋಡೆಯ ಮೇಲೆ ಅ ಆ ಇ ಈ, ಮೂಲೆಯಲ್ಲಿ ತೂಕದ ಯಂತ್ರ, ಒಲೆಯ ಮೇಲೆ ಕುದಿಯುತ್ತಿದ್ದ ಸಾರು. ಎಲ್ಲ ಇತ್ತು. ಮಕ್ಕಳು ಮಾತ್ರ ಏಳೆಂಟು. ಕಾರ್ಯಕರ್ತೆ ಹಾಜರಿ ಪುಸ್ತಕ ತೆಗೆದು ತೋರಿಸಿದರು. ಅರ್ಧಕ್ಕಿಂತ ಜಾಸ್ತಿ ಹೆಸರುಗಳ ಮುಂದೆ ಪೆನ್ಸಿಲ್‌ನಲ್ಲಿ ಒಂದೇ ಪದ ಬರೆದಿತ್ತು: ‘ಕಬ್ಬಿಗೆ’. ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯುವ ಕೂಲಿಗೆ ಹೋಗಿದ್ದಾರೆ, ಯುಗಾದಿಗೆ ಬರುತ್ತಾರೆ ಎಂದು ಅರ್ಥ.

ವಿಜಯಪುರ ಕಡೆಯವರಿಗೆ ಈ ಪದ ಬಿಡಿಸಿ ಹೇಳಬೇಕಾಗಿಲ್ಲ. ಸೀಗಿ ಹುಣ್ಣಿಮೆ ಕಳೆಯಿತು ಅಂದರೆ ತಾಂಡಾಗಳ ಮುಂದೆ ಟ್ರ್ಯಾಕ್ಟರ್ ಬಂದು ನಿಲ್ಲುತ್ತವೆ. ಪಾತ್ರೆ, ಹಾಸಿಗೆ, ಜೋಳದ ಚೀಲ, ಕೊಡ, ಕೋಳಿ, ಇವೆಲ್ಲದರ ಮೇಲೆ ಮಕ್ಕಳು. ಇಂಡಿ, ಚಡಚಣ, ಸಿಂದಗಿ ಕಡೆಯ ಗ್ಯಾಂಗ್‌ಗಳು ಸಾಂಗ್ಲಿ, ಕೊಲ್ಹಾಪುರಕ್ಕೆ ಹೋಗುತ್ತವೆ. ಕೆಲವು ಮುಧೋಳ, ಜಮಖಂಡಿ, ಅಥಣಿ, ರಾಯಬಾಗ ಕಡೆ ಬೀಡು ಬಿಡುತ್ತವೆ. ಅದೇ ಹೊತ್ತಿಗೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಗ್ಯಾಂಗ್‌ಗಳು ನಮ್ಮ ಬೆಳಗಾವಿ, ಬಾಗಲಕೋಟೆಯ ಹೊಲಗಳಿಗೆ ಬಂದು ಇಳಿಯುತ್ತವೆ. ನಮ್ಮ ಕೂಸು ಅವರ ಹೊಲದಲ್ಲಿ, ಅವರ ಕೂಸು ನಮ್ಮ ಹೊಲದಲ್ಲಿ.

ಕೂಸನ್ನು ಮನೆಯಲ್ಲೇ ಬಿಟ್ಟು ಹೋಗಬಹುದಲ್ವಾ ಎಂದು ಕೇಳುವವರಿದ್ದಾರೆ. ಕಬ್ಬು ಕಡಿಯುವ ಲೆಕ್ಕ ಗೊತ್ತಿದ್ದರೆ ಈ ಪ್ರಶ್ನೆ ಬರುವುದಿಲ್ಲ. ಇಲ್ಲಿ ಕೂಲಿ ಹಿಡಿಯುವುದು ಜೋಡಿ ಲೆಕ್ಕದಲ್ಲಿ, ಗಂಡ ಹೆಂಡತಿ ಸೇರಿ ಒಂದು ಜೋಡಿ. ಗಂಡ ಕಡಿಯುತ್ತಾನೆ, ಹೆಂಡತಿ ಸವರಿ, ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು ಟ್ರೇಲರ್‌ಗೆ ಏರಿಸುತ್ತಾಳೆ. ಮಳೆಗಾಲದಲ್ಲೇ ಮುಕಾದಮ, ಅಂದರೆ ಕೂಲಿಯವರನ್ನು ಕೂಡಿಸುವ ಮೇಸ್ತ್ರಿ, ಕೊಟ್ಟ ಮುಂಗಡ ಜೋಡಿಯ ಹೆಸರಲ್ಲಿ ಇರುತ್ತದೆ. ಅದು ಮದುವೆಗೋ ಆಸ್ಪತ್ರೆಗೋ ಆಗಲೇ ಖರ್ಚಾಗಿರುತ್ತದೆ. ಹೆಂಡತಿ ಬರದಿದ್ದರೆ ಜೋಡಿ ಮುರಿಯಿತು, ಮುಂಗಡ ಸಾಲವಾಯಿತು. ಹಾಗಾಗಿ ಬಾಣಂತಿಯೂ ಹೊರಡುತ್ತಾಳೆ. ಎದೆಹಾಲು ಕುಡಿಯುವ ಕೂಸು ಅವಳ ಜೊತೆಗೇ ಹೊರಡುತ್ತದೆ.

ಮಕ್ಕಳಿಗಾಗಿ ಸರ್ಕಾರ ಮಾಡುವ ಖರ್ಚನ್ನು ನಾನು ಈ ಟ್ರ್ಯಾಕ್ಟರ್ ಹತ್ತಿರ ನಿಂತು ನೋಡಲು ಶುರು ಮಾಡಿದೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ನಮ್ಮ ಯೋಜನೆಗಳ ದುಡ್ಡು ಹೋಗುವುದು ಕಟ್ಟಡಕ್ಕೆ, ಕೇಂದ್ರಕ್ಕೆ, ಊರಿನ ಹೆಸರಿಗೆ. ಮಗು ಊರು ಬಿಟ್ಟರೆ ದುಡ್ಡು ಅಲ್ಲೇ ಉಳಿಯುತ್ತದೆ. ಅತಿ ಹೆಚ್ಚು ಪೆಟ್ಟು ಬೀಳುವುದು ಮೂರು ವರ್ಷದೊಳಗಿನ ಕೂಸಿಗೆ.

ಮೊದಲು ವ್ಯವಸ್ಥೆ ಹೇಗಿದೆ ನೋಡೋಣ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ.ನರಸೀಪುರಕ್ಕೆ. ಈಗ ರಾಜ್ಯದಲ್ಲಿ ಸುಮಾರು 70 ಸಾವಿರ ಅಂಗನವಾಡಿಗಳಿವೆ. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ತಿಳಿವಳಿಕೆ ಹೀಗೆ ಆರು ಸೇವೆ ಒಂದೇ ಸೂರಿನಡಿ ಸಿಗಬೇಕು. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ 6 ತಿಂಗಳಿಂದ 6 ವರ್ಷದ ಮಗುವಿಗೆ ಅಂಗನವಾಡಿಯ ಊಟ ಹಕ್ಕಾಗಿದೆ. ಆದರೆ ಕಾಯ್ದೆ ಹೇಳುವುದು ‘ಸ್ಥಳೀಯ ಅಂಗನವಾಡಿ’ ಎಂದು. ಗುಳೆ ಹೋದ ಕೂಸಿಗೆ ಸ್ಥಳೀಯ ಯಾವುದು?

ಇನ್ನು ದುಡ್ಡು. 6 ತಿಂಗಳಿಂದ 6 ವರ್ಷದ ಮಗುವಿನ ಪೂರಕ ಆಹಾರಕ್ಕೆ ದಿನಕ್ಕೆ 8 ರೂಪಾಯಿ ಎಂದು 2017ರಲ್ಲಿ ನಿಗದಿಯಾಯಿತು. ತೀವ್ರ ಅಪೌಷ್ಟಿಕತೆ ಇರುವ ಮಗುವಿಗೆ 12 ರೂಪಾಯಿ. ಇದನ್ನು ಕೇಂದ್ರ, ರಾಜ್ಯ ಅರ್ಧರ್ಧ ಹಾಕುತ್ತವೆ. ಈ ದುಡ್ಡಲ್ಲಿ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಕೊಡಬೇಕು. ಇವತ್ತು ಕಿರಾಣಿ ಅಂಗಡಿಯಲ್ಲಿ ಒಂದು ಮೊಟ್ಟೆಗೇ ಆರು ರೂಪಾಯಿ ದಾಟುತ್ತದೆ. ಕರ್ನಾಟಕ ತನ್ನ ಕಡೆಯಿಂದ ಹಾಲು, ಮೊಟ್ಟೆ ಸೇರಿಸುತ್ತದೆ, ಅದನ್ನು ಮೆಚ್ಚಲೇಬೇಕು. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಅಂಗನವಾಡಿಗೂ ಬಂತು. 2017ರ ಅಕ್ಟೋಬರ್‌ನಲ್ಲಿ ಬಂದ ಮಾತೃಪೂರ್ಣದಲ್ಲಿ ಗರ್ಭಿಣಿ, ಬಾಣಂತಿಯರಿಗೆ ಬಿಸಿ ಊಟ ಸಿಗುತ್ತದೆ.

ಪೂರಕ ಆಹಾರ ವರ್ಷಕ್ಕೆ 300 ದಿನ ಕೊಡಬೇಕು. ತಿಂಗಳಿಗೆ 25 ದಿನ ಎಂದಿಟ್ಟುಕೊಂಡರೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ಐದು ತಿಂಗಳು ಕಬ್ಬಿಗೆ ಹೋದ ಮಗು 125 ದಿನದ ಊಟ ಕಳೆದುಕೊಳ್ಳುತ್ತದೆ. ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಕೂಸು ಎದೆಹಾಲಿನ ಜೊತೆ ಗಟ್ಟಿ ಆಹಾರಕ್ಕೆ ಹೊರಳುವ ಕಾಲ 6 ತಿಂಗಳಿಂದ 2 ವರ್ಷ, ಅಂದರೆ 18 ತಿಂಗಳು. ಮಕ್ಕಳು ಸೊರಗುವುದು, ಗಿಡ್ಡವಾಗಿ ಉಳಿಯುವುದು ಹೆಚ್ಚಾಗಿ ಈ ಹೊತ್ತಿನಲ್ಲೇ. ಈ 18 ತಿಂಗಳಲ್ಲಿ ಒಂದು ಹಂಗಾಮು ಪೂರ್ತಿ ಬಂದೇ ಬರುತ್ತದೆ. ಹುಟ್ಟಿದ ತಿಂಗಳು ನೋಡಿಕೊಂಡು ಕೆಲವು ಕೂಸುಗಳಿಗೆ ಎರಡೂ ಬರುತ್ತವೆ. ಅಂದರೆ ಐದರಿಂದ ಹತ್ತು ತಿಂಗಳು ಹೊಲದ ಬದುವಿನಲ್ಲಿ ಕಳೆಯುತ್ತವೆ. ಒಂದು ಸೀರೆಯ ಜೋಲಿ, ಅದರ ಸುತ್ತ ಕಬ್ಬಿನ ಒಣ ಗರಿ (ರವದಿ), ಧೂಳು. ನಸುಕಿನಲ್ಲಿ ಬೇಯಿಸಿದ ಅನ್ನವೋ ರೊಟ್ಟಿಯೋ ಮಧ್ಯಾಹ್ನಕ್ಕೆ ತಣ್ಣಗಾಗಿರುತ್ತದೆ. ಎರಡು ಹಲ್ಲಿನ ಕೂಸು ತಣ್ಣಗಿನ ರೊಟ್ಟಿ ತಿನ್ನುತ್ತದೆಯೇ? ಅತ್ತಾಗ ಕೈಗೆ ಒಂದು ತುಂಡು ಕಬ್ಬು ಸಿಗುತ್ತದೆ.

ಮೂರು ವರ್ಷದೊಳಗಿನ ಮಕ್ಕಳಿಗೆ ಅಂಗನವಾಡಿಯಿಂದ ಮನೆಗೆ ಪೊಟ್ಟಣದ ಆಹಾರ ಕೊಡುತ್ತಾರೆ. ಹೊರಡುವ ಮುಂಚೆ ಒಂದು ತಿಂಗಳದ್ದು ತಾಯಿ ಕಟ್ಟಿಕೊಂಡು ಹೋಗಬಹುದು. ಮುಂದಿನ ತಿಂಗಳು? 2025ರ ಜುಲೈನಿಂದ ಪೊಟ್ಟಣ ಪಡೆಯಲು ಮುಖ ಗುರುತಿಸುವ ವ್ಯವಸ್ಥೆ ಕಡ್ಡಾಯವಾಗಿದೆ. ಮೊದಲು ಅಜ್ಜಿ ಬಂದು ಒಯ್ಯುತ್ತಿದ್ದಳು, ಯಾರಾದರೂ ಆ ಕಡೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದಳು. ಈಗ ಫೋನಿನ ಮುಂದೆ ನಿಲ್ಲಬೇಕಾದ ಮುಖ ಸಾಂಗ್ಲಿಯಲ್ಲಿರುತ್ತದೆ. ಕಳ್ಳತನ ತಡೆಯಬೇಕು, ಸರಿ. ಆದರೆ ತಡೆಯುವ ಬೇಲಿ ಮಗುವಿಗೇ ಅಡ್ಡ ಬಂದರೆ ಅದನ್ನು ಬದಲಾಯಿಸಬೇಕಲ್ವಾ?

ಅಂಗನವಾಡಿ ಮಕ್ಕಳ ಲೆಕ್ಕ ಇಡುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಗುವಿನ ಹೆಸರನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸುವ ಅವಕಾಶ ಇದೆ. ಕಾಗದದ ಮೇಲೆ ಇದೇ ಪರಿಹಾರ. ಹೊಲದಲ್ಲಿ ನಿಂತು ನೋಡಿದರೆ ಹಾಗಲ್ಲ. ಗ್ಯಾಂಗ್ ಒಂದೇ ಕಡೆ ಇರುವುದಿಲ್ಲ. ಕಾರ್ಖಾನೆ ಯಾವ ಹೊಲಕ್ಕೆ ಕಟಾವಿನ ಚೀಟಿ ಕೊಡುತ್ತದೋ ಆ ಕಡೆ ಹೋಗುತ್ತದೆ. ನಸುಕಿನ ನಾಲ್ಕಕ್ಕೆ ಹೊಲಕ್ಕಿಳಿದು ಹೊತ್ತು ಮುಳುಗುವವರೆಗೆ ದುಡಿಯುವ ತಾಯಿ, ಮೂರು ಕಿಲೋಮೀಟರ್ ದೂರದ ಗೊತ್ತಿಲ್ಲದ ಊರಿನ ಅಂಗನವಾಡಿಗೆ ಕೂಸನ್ನು ಯಾವಾಗ ಬಿಡುತ್ತಾಳೆ? ಯಾವಾಗ ಕರೆತರುತ್ತಾಳೆ? ಮರಾಠಿ ಊರಿನಲ್ಲಿ ಲಂಬಾಣಿ ಮಾತಾಡುವ ಮಗು ಅದು. ಅಲ್ಲಿನ ಕಾರ್ಯಕರ್ತೆಗೂ ಅವಳ ಪಟ್ಟಿಯ ಮಕ್ಕಳಿಗಷ್ಟೇ ದಿನಸಿ ಬಂದಿರುತ್ತದೆ.

ರಾಜ್ಯದ ಅಂಕಿ ನೋಡಿದರೆ ಸ್ವಲ್ಪ ಸಮಾಧಾನ, ಸ್ವಲ್ಪ ಗಾಬರಿ ಎರಡೂ ಆಗುತ್ತವೆ. ನಾಲ್ಕನೇ ಮತ್ತು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ನಡುವೆ ಕರ್ನಾಟಕದಲ್ಲಿ ಎತ್ತರಕ್ಕೆ ತಕ್ಕ ತೂಕವಿಲ್ಲದ ಮಕ್ಕಳು ಶೇ. 26.1ರಿಂದ 19.5ಕ್ಕೆ ಇಳಿದರು. ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಮಾತ್ರ ಶೇ. 36.2ರಿಂದ 35.4ಕ್ಕೆ ಬಂದು ನಿಂತರು. ರಕ್ತಹೀನತೆ ಶೇ. 60.9ರಿಂದ 65.5ಕ್ಕೆ ಏರಿತು. ಇವು ಐದು ವರ್ಷದೊಳಗಿನ ಮಕ್ಕಳ ಅಂಕಿ. ಇದನ್ನು ಓದುವಾಗ ಇನ್ನೊಂದು ಮಾತು ನೆನಪಿರಲಿ. ಸಮೀಕ್ಷೆಯವರು ಮನೆ ಬಾಗಿಲಿಗೆ ಬರುತ್ತಾರೆ. ಬೀಗ ಹಾಕಿದ ಮನೆಯ ಕೂಸು ಈ ಶೇಕಡಾವಾರಿನಲ್ಲಿ ಸೇರುವುದಿಲ್ಲ.

ಇಷ್ಟು ಹೇಳಿದರೂ ನಾನು ಹೇಳಬೇಕೆಂದಿದ್ದ ಮುಖ್ಯ ಮಾತಿಗೆ ಇನ್ನೂ ಬಂದಿಲ್ಲ. ಅದು ಕೂಸಿನ ಅಕ್ಕನ ಕಥೆ.

ಹೊಲದ ಬದುವಿನಲ್ಲಿ ಜೋಲಿ ತೂಗುವವರು ಯಾರು? ಅಪ್ಪ ಅಮ್ಮ ಕಬ್ಬಿನೊಳಗೆ ಇರುತ್ತಾರೆ. ಜೋಲಿಯ ಹಗ್ಗ ಹಿಡಿದು ಕೂತಿರುವುದು ಎಂಟೊಂಬತ್ತು ವರ್ಷದ ಹುಡುಗಿ. ಅವಳು ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ ಇರಬೇಕಿತ್ತು. ಅವಳಿಗೆ ಕಾನೂನು ಇದೆ. 2002ರ ಸಂವಿಧಾನ ತಿದ್ದುಪಡಿಯಿಂದ 6ರಿಂದ 14 ವರ್ಷದವರಿಗೆ ಶಿಕ್ಷಣ ಮೂಲಭೂತ ಹಕ್ಕು. ಅವಳಿಗಾಗಿ ಶಾಲೆ ಇದೆ, ಬಿಸಿಯೂಟ ಇದೆ, ಮೊಟ್ಟೆ ಇದೆ. ಗುಳೆ ಹೋಗುವವರ ಮಕ್ಕಳು ಊರಲ್ಲೇ ಉಳಿದು ಓದಲೆಂದು ಸಮಗ್ರ ಶಿಕ್ಷಾದಲ್ಲಿ ಋತುಮಾನದ ವಸತಿ ನಿಲಯಗಳಿಗೂ ಅವಕಾಶ ಇದೆ. ಅಣ್ಣ ಅಲ್ಲಿ ಉಳಿಯುತ್ತಾನೆ. ಅವಳು ಹೊರಡುತ್ತಾಳೆ, ಯಾಕೆಂದರೆ ತಮ್ಮನನ್ನು ನೋಡಿಕೊಳ್ಳುವವರು ಬೇಕು.

ಅದೇ ತಿದ್ದುಪಡಿ 6 ವರ್ಷದೊಳಗಿನ ಮಕ್ಕಳ ಆರೈಕೆಯನ್ನು 45ನೇ ವಿಧಿಗೆ ಬಿಟ್ಟಿತು. ಅದು ನಿರ್ದೇಶಕ ತತ್ವ. ಸರ್ಕಾರ ಪ್ರಯತ್ನ ಮಾಡಬೇಕು ಎನ್ನುತ್ತದೆ, ಕೋರ್ಟಿಗೆ ಹೋಗಿ ಕೇಳಲು ಬರುವ ಹಕ್ಕು ಅಲ್ಲಿಲ್ಲ. ಆರು ವರ್ಷಕ್ಕೆ ಎಳೆದ ಆ ಗೆರೆ ಕಬ್ಬಿನ ಹೊಲದಲ್ಲಿ ಅಳಿಸಿ ಹೋಗುತ್ತದೆ. ಒಂದೂವರೆ ವರ್ಷದ ತಮ್ಮನಿಗೆ ಆರೈಕೆ ಸಿಗದಿದ್ದರೆ ಒಂಬತ್ತು ವರ್ಷದ ಅಕ್ಕನಿಗೆ ಶಾಲೆ ಸಿಗುವುದಿಲ್ಲ. ಅವಳ ಮೇಲೆ ಶಿಕ್ಷಣ ಇಲಾಖೆ ಹಾಕಿದ ದುಡ್ಡೂ ಕೂಸಿನ ಜೋಲಿಯ ಹತ್ತಿರವೇ ಸೋರಿ ಹೋಗುತ್ತದೆ. ಎರಡು ಮೂರು ಹಂಗಾಮು ಹೀಗೆ ಹೋಗಿ ಬಂದ ಹುಡುಗಿ ಏಪ್ರಿಲ್‌ನಲ್ಲಿ ಶಾಲೆಗೆ ಬಂದರೆ ಪುಸ್ತಕ ಅರ್ಥವಾಗುವುದಿಲ್ಲ. ಐದನೆಯದೋ ಆರನೆಯದೋ ಮುಗಿಯುವಷ್ಟರಲ್ಲಿ ಬಿಡುತ್ತಾಳೆ. ಆಮೇಲೆ ಮದುವೆ. ಗಂಡನ ಜೊತೆ ಅವಳದೇ ಒಂದು ಜೋಡಿ.

ರಾಜ್ಯ 2020-21ರಿಂದ ಮಕ್ಕಳ ಬಜೆಟ್ ಎಂದು ಪ್ರತ್ಯೇಕ ಪುಸ್ತಕ ಪ್ರಕಟಿಸುತ್ತಿದೆ. ಒಳ್ಳೆಯ ಕೆಲಸ. ಅದರಲ್ಲಿ ದೊಡ್ಡ ಪಾಲು ಶಾಲೆಯದು. ಶಿಕ್ಷಣದ ಖರ್ಚು ಒಂದು ಕಡೆ, ಪೌಷ್ಟಿಕತೆಯ ಖರ್ಚು ಇನ್ನೊಂದು ಕಡೆ, ಕಾರ್ಮಿಕ ಇಲಾಖೆ ಮತ್ತೊಂದು ಕಡೆ. ಜೋಲಿ ಮತ್ತು ಅದನ್ನು ತೂಗುವ ಹುಡುಗಿ ಇಬ್ಬರನ್ನೂ ಒಟ್ಟಿಗೆ ನೋಡುವ ಇಲಾಖೆ ನನಗೆ ಸಿಗಲಿಲ್ಲ.

ಹಾಗಂತ ಮಾದರಿ ಇಲ್ಲ ಎಂದಲ್ಲ. ಕರ್ನಾಟಕದ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಹೇಳಿದರು. ಉದ್ಯೋಗ ಖಾತ್ರಿ ಕೆಲಸಕ್ಕೆ ಬರುವ ತಾಯಂದಿರ ಚಿಕ್ಕ ಮಕ್ಕಳನ್ನು ಊರಿನ ಹೆಣ್ಣುಮಕ್ಕಳೇ ತರಬೇತಿ ಪಡೆದು ನೋಡಿಕೊಳ್ಳುವ ವ್ಯವಸ್ಥೆ ಅದು. ಹೆಸರೂ ಚಂದ, ಯೋಚನೆಯೂ ಚಂದ. ತಾಯಿ ದುಡಿಯುವ ಹೊತ್ತಿನಲ್ಲಿ ಕೂಸಿಗೆ ನೆರಳು, ಊಟ, ನಿದ್ದೆ ಬೇಕು ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ಕೇಂದ್ರದ ಪಾಲನಾ ಯೋಜನೆಯಲ್ಲೂ ಅಂಗನವಾಡಿ ಮತ್ತು ಶಿಶುಪಾಲನಾ ಕೇಂದ್ರವನ್ನು ಒಂದೇ ಕಡೆ ನಡೆಸಲು ಅವಕಾಶ ಇದೆ. ಇವೆರಡೂ ಊರು ಬಿಡದ ತಾಯಿಯನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾಡಿದವು. ಇಂಡಿಯ ಪಂಚಾಯಿತಿಯ ಕೂಸಿನ ಮನೆಯಿಂದ ಡಿಸೆಂಬರ್‌ನಲ್ಲಿ ಅಥಣಿಯ ಹೊಲದಲ್ಲಿರುವ ತಾಯಿಗೆ ಏನು ಸಿಗುತ್ತದೆ?

ಇಲ್ಲಿ ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಿಗೆ ಇನ್ನೊಂದು ತೊಡಕಿದೆ. ಸಂವಿಧಾನದ 371(ಜೆ) ವಿಧಿ ಕೊಡುವ ವಿಶೇಷ ಸ್ಥಾನಮಾನ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮಾತ್ರ ಅನ್ವಯಿಸುತ್ತದೆ. ಭೀಮಾ ನದಿಯ ಆ ಕಡೆ ಅಫಜಲಪುರದಲ್ಲಿ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಲ್ಲಿ ಸರ್ಕಾರಿ ಶಾಲೆಯಲ್ಲೇ ಎಲ್‌ಕೆಜಿ ತೆರೆಯಬಹುದು. ಈ ಕಡೆ ಇಂಡಿ, ಸಿಂದಗಿಗೆ ಆ ದುಡ್ಡು ಬರುವುದಿಲ್ಲ. ಮಣ್ಣು ಅದೇ, ಬರ ಅದೇ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ 114 ಹಿಂದುಳಿದ ತಾಲೂಕುಗಳನ್ನು ಗುರುತಿಸಿದಾಗ ಅದರಲ್ಲಿ ವಿಜಯಪುರ ಜಿಲ್ಲೆಯ ತಾಲೂಕುಗಳೂ ಇದ್ದವು. 2021ರ ಡಿಸೆಂಬರ್‌ನಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಏಳು ಜಿಲ್ಲೆ ಆರಿಸಿದರು. ಅದರಲ್ಲಿ ಕಲ್ಯಾಣ ಕರ್ನಾಟಕದ ಹೊರಗಿನದು ವಿಜಯಪುರ ಒಂದೇ. ಅಪೌಷ್ಟಿಕತೆ ನೋಡಿ ಜಿಲ್ಲೆ ಆರಿಸಿದಾಗ ವಿಜಯಪುರ ಒಳಗೆ ಬಂತು. ಕಾನೂನಿನ ಗಡಿ ನೋಡಿದಾಗ ಹೊರಗೆ ಉಳಿಯಿತು.

ಹಾಗಾದರೆ ದುಡ್ಡು ಎಲ್ಲಿಂದ ತರಬೇಕು? ಉತ್ತರ ಕಬ್ಬಿನಲ್ಲೇ ಇದೆ ಎಂದು ನನಗೆ ಅನಿಸುತ್ತದೆ.

ಮಹಾರಾಷ್ಟ್ರ ಕಬ್ಬು ಕಡಿಯುವವರಿಗಾಗಿಯೇ ಗೋಪಿನಾಥ ಮುಂಡೆ ಹೆಸರಲ್ಲಿ ಕಲ್ಯಾಣ ಮಂಡಳಿ ಮಾಡಿದೆ. ಅರೆದ ಪ್ರತಿ ಟನ್ ಕಬ್ಬಿಗೆ ಕಾರ್ಖಾನೆಯಿಂದ 10 ರೂಪಾಯಿ, ಅಷ್ಟೇ ದುಡ್ಡು ಸರ್ಕಾರದಿಂದ ಎಂದು ನಿಗದಿ ಮಾಡಿದೆ. ಕರ್ನಾಟಕದ ಕಾರ್ಖಾನೆಗಳು ಸಾಧಾರಣ ಹಂಗಾಮಿನಲ್ಲಿ 5 ಕೋಟಿ ಟನ್‌ಗಿಂತ ಹೆಚ್ಚು ಕಬ್ಬು ಅರೆಯುತ್ತವೆ. ಅದರಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ್ದೇ ದೊಡ್ಡ ಪಾಲು. ಟನ್‌ಗೆ 10 ರೂಪಾಯಿ ತೆಗೆದಿಟ್ಟರೂ 50 ಕೋಟಿ ಆಗುತ್ತದೆ.

ಒಂದು ಹಂಗಾಮಿನ ಕೂಸಿನ ಮನೆಗೆ ಎಷ್ಟು ಬೇಕು? ನನ್ನ ಲೆಕ್ಕ ಹೀಗಿದೆ. ಇಬ್ಬರು ಆರೈಕೆದಾರರಿಗೆ ತಿಂಗಳಿಗೆ ತಲಾ 10,000ದಂತೆ ಐದು ತಿಂಗಳಿಗೆ 1 ಲಕ್ಷ. 15 ಮಕ್ಕಳಿಗೆ ದಿನಕ್ಕೆ 25 ರೂಪಾಯಿಯ ಊಟ, ಹಾಲು, ಮೊಟ್ಟೆ ಎಂದರೆ 150 ದಿನಕ್ಕೆ 56,250. ಉಳಿದದ್ದರಲ್ಲಿ ಟೆಂಟು, ಚಾಪೆ, ನೀರು, ತೂಕದ ಯಂತ್ರ, ಒಂದಿಷ್ಟು ಆಟಿಕೆ. ಒಟ್ಟು 2 ಲಕ್ಷ ಹಿಡಿಯೋಣ. 50 ಕೋಟಿಯಲ್ಲಿ 2,500 ಕೂಸಿನ ಮನೆ ನಡೆಯುತ್ತವೆ. ಖರ್ಚು ಇನ್ನೂ ಒಂದೂವರೆ ಪಟ್ಟು ಆದರೂ ಕೈಗೆಟುಕದ ಮಾತಲ್ಲ. ದಿನದ ಊಟಕ್ಕೆ 8ರ ಬದಲು 25 ರೂಪಾಯಿ ಹಾಕಿದ್ದು ಸುಮ್ನೆ ಅಲ್ಲ. ಅಷ್ಟಿಲ್ಲದೆ ಹಾಲು, ಮೊಟ್ಟೆ, ಬೇಳೆ ಮೂರೂ ತಟ್ಟೆಗೆ ಬರುವುದಿಲ್ಲ.

ಈ 10 ರೂಪಾಯಿಯನ್ನು ರೈತರ ದರದಲ್ಲಿ ಕಡಿಯಬಾರದು. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ದಿನಗಟ್ಟಲೆ ಕೂತು ಹೋರಾಡಿದ ಮೇಲೆ ಟನ್‌ಗೆ 3,300 ರೂಪಾಯಿ ಎಂದು ತೀರ್ಮಾನವಾಯಿತು. ಅದಕ್ಕಾಗಿ ಕಾರ್ಖಾನೆ 50, ಸರ್ಕಾರ 50 ರೂಪಾಯಿ ಹೆಚ್ಚಿಗೆ ಹಾಕಲು ಒಪ್ಪಿದವು. ಆ ಹೋರಾಟ ನ್ಯಾಯವಾದದ್ದು. ಆದರೆ ಅಂದು ಮಾತುಕತೆಗೆ ಕೂತವರಲ್ಲಿ ರೈತರು ಇದ್ದರು, ಕಾರ್ಖಾನೆಯವರು ಇದ್ದರು, ಸರ್ಕಾರ ಇತ್ತು. ಕಬ್ಬು ಕಡಿದು ಹೊರುವ ತಾಯಿ ಇರಲಿಲ್ಲ. 3,300 ರೂಪಾಯಿಯ ಎದುರು 10 ರೂಪಾಯಿ ಎಂದರೆ ನೂರಕ್ಕೆ 30 ಪೈಸೆ.

ಕಾರ್ಖಾನೆಗಳು ಸಾಮಾನ್ಯವಾಗಿ ಹೇಳುವುದು ಒಂದೇ: ಇವರು ನಮ್ಮ ಕೆಲಸಗಾರರಲ್ಲ, ಮುಕಾದಮನ ಜನ. ಅಂತರರಾಜ್ಯ ವಲಸೆ ಕಾರ್ಮಿಕರಿಗೆಂದು 1979ರಲ್ಲೇ ಕಾಯ್ದೆ ಬಂದಿತ್ತು. ಈ ಒಂದು ಮಾತಿನಿಂದಾಗಿ ಅದು ಹೊಲದವರೆಗೆ ಇಳಿಯಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ 50ಕ್ಕಿಂತ ಹೆಚ್ಚು ಕೆಲಸಗಾರರಿದ್ದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಪಾಲನಾ ಕೇಂದ್ರ ಇರಬೇಕು ಎನ್ನುತ್ತದೆ. ಹತ್ತು ಹದಿನೈದು ಜೋಡಿಯ ಒಂದು ಗ್ಯಾಂಗ್ ಈ ಸಂಖ್ಯೆ ಮುಟ್ಟುವುದಿಲ್ಲ. ಒಂದು ಕಾರ್ಖಾನೆಯ ಎಲ್ಲ ಗ್ಯಾಂಗ್‌ಗಳನ್ನೂ ಕೂಡಿಸಿದರೆ ಸಾವಿರ ದಾಟುತ್ತದೆ. ಯಾವುದನ್ನು ಎಣಿಸಬೇಕು ಎಂಬುದನ್ನು ರಾಜ್ಯದ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದರೆ ಅರ್ಧ ಜಗಳ ಮುಗಿಯುತ್ತದೆ.

ಊರೂರು ತಿರುಗುವ ಮಕ್ಕಳನ್ನು ಹುಡುಕುವುದು ಕಷ್ಟ ಎಂದು ಅಧಿಕಾರಿಗಳು ಹೇಳುತ್ತಾರೆ. ಪೋಲಿಯೊ ನೆನಪಿಸಿಕೊಳ್ಳಿ. ಇಟ್ಟಿಗೆ ಭಟ್ಟಿ, ಕಬ್ಬಿನ ಗುಡಿಸಲು, ಕಟ್ಟಡದ ಶೆಡ್ಡು ಎಲ್ಲವನ್ನೂ ಪಟ್ಟಿ ಮಾಡಿದರು. ನೀಲಿ ಡಬ್ಬಿ ಹೊತ್ತ ಆಶಾ, ಅಂಗನವಾಡಿ ಕಾರ್ಯಕರ್ತೆಯರು ಅಲ್ಲಿಗೇ ನಡೆದು ಹೋದರು. ಮಗುವಿನ ಊರು ಯಾವುದು, ಆಧಾರ್ ಇದೆಯೇ ಎಂದು ಕೇಳಲಿಲ್ಲ. ಬಾಯಿ ತೆರೆಸಿ ಎರಡು ಹನಿ ಹಾಕಿ ಬೆರಳಿಗೆ ಗುರುತು ಹಾಕಿದರು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊಮುಕ್ತ ಎಂದು ಪ್ರಮಾಣಪತ್ರ ಬಂತು. ಹನಿ ಹಾಕಲು ಸಿಕ್ಕ ಕೂಸು ಅನ್ನ ಹಾಕಲು ಯಾಕೆ ಸಿಗುವುದಿಲ್ಲ?

ಆ ಕೆಲಸ ಮಾಡಿದ್ದು ಅಂಗನವಾಡಿ ಕಾರ್ಯಕರ್ತೆಯರೇ ಎಂಬುದನ್ನೂ ಮರೆಯಬಾರದು. ಅವರಿಗೆ ಕೇಂದ್ರ ಕೊಡುವ ಗೌರವಧನ 2018ರಲ್ಲಿ ನಿಗದಿಯಾದ 4,500 ರೂಪಾಯಿ, ಉಳಿದದ್ದನ್ನು ರಾಜ್ಯ ಸೇರಿಸುತ್ತದೆ. ಅವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಕಬ್ಬಿನ ಹೊಲದ ಕೆಲಸವನ್ನೂ ಇದೇ ಹೆಣ್ಣುಮಕ್ಕಳ ತಲೆಗೆ ಹೇರಿ ಕೈ ತೊಳೆದುಕೊಂಡರೆ ನಡೆಯುವುದಿಲ್ಲ. ಅದಕ್ಕೇ ಮೇಲಿನ ಲೆಕ್ಕದಲ್ಲಿ ಇಬ್ಬರ ಸಂಬಳ ಮೊದಲು ಹಾಕಿದ್ದು. ಆ ಇಬ್ಬರು ಗ್ಯಾಂಗಿನ ಜೊತೆಗೇ ಬರುವ, ಲಂಬಾಣಿ ಬಲ್ಲ, ಈಗ ಕಬ್ಬು ಹೊರಲಾಗದ ದೊಡ್ಡ ವಯಸ್ಸಿನ ಹೆಂಗಸರೇ ಆಗಬಹುದು. ಕೂಸಿನ ಮನೆಯ ತರಬೇತಿ ಅವರಿಗೂ ಕೊಡಬಹುದು. ಗ್ಯಾಂಗ್ ಹೊಲ ಬದಲಿಸಿದಾಗ ಟೆಂಟೂ ಅದೇ ಟ್ರೇಲರ್ ಹತ್ತುತ್ತದೆ.

ಯಾವ ಊರಿಂದ ಎಷ್ಟು ಜೋಡಿ ಹೊರಡುತ್ತವೆ ಎಂಬ ಪಟ್ಟಿ ತಯಾರಿಸಲು ಹೊಸ ಸಮೀಕ್ಷೆ ಬೇಕಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಮುಕಾದಮನ ಡೈರಿಯಲ್ಲಿ ಎಲ್ಲ ಹೆಸರೂ ಇರುತ್ತವೆ, ಯಾಕೆಂದರೆ ಮುಂಗಡ ಕೊಟ್ಟಿರುತ್ತಾನೆ. ಕಾರ್ಖಾನೆಯ ಒಪ್ಪಂದದ ಕಾಗದದಲ್ಲೂ ಇರುತ್ತವೆ. ಜೋಡಿಯ ಹೆಸರಿನ ಮುಂದೆ ‘ಆರು ವರ್ಷದೊಳಗಿನ ಮಕ್ಕಳು ಎಷ್ಟು’ ಎಂಬ ಒಂದು ಕಾಲಂ ಸೇರಿಸಿ, ಅದಿಲ್ಲದೆ ಹಂಗಾಮಿಗೆ ಒಪ್ಪಿಗೆ ಕೊಡುವುದಿಲ್ಲ ಎಂದು ಸಕ್ಕರೆ ಇಲಾಖೆ ಒಂದು ಆದೇಶ ಹೊರಡಿಸಬಹುದು. ಆ ಪಟ್ಟಿ ದಸರೆಯ ಮುಂಚೆ ಜಿಲ್ಲಾ ಪಂಚಾಯಿತಿ ಕೈಗೆ ಬಂದರೆ, ಟ್ರ್ಯಾಕ್ಟರ್ ತಾಂಡಾದ ಮುಂದೆ ಬಂದು ನಿಲ್ಲುವಷ್ಟರಲ್ಲಿ ಅಥಣಿಯಲ್ಲೋ ಮುಧೋಳದಲ್ಲೋ ಟೆಂಟು ಎದ್ದಿರುತ್ತದೆ. ಸಾಂಗ್ಲಿ, ಕೊಲ್ಹಾಪುರದ್ದನ್ನು ಎರಡು ರಾಜ್ಯಗಳು ಕೂತು ಮಾತಾಡಬೇಕು. ಬೀಡ್‌ನ ಮಕ್ಕಳನ್ನು ನಾವು ಮೊದಲು ನೋಡಿಕೊಂಡರೆ ಆ ಮಾತು ಶುರು ಮಾಡುವುದು ಸುಲಭ.

ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತದೆ. ಕಟಾವು ಜೋರಾಗಿರುವ ತಿಂಗಳೂ ಅದೇ. ಸದಸ್ಯರು ಬಯಸಿದರೆ ಒಂದು ಬೆಳಗ್ಗೆ ಕಾರು ಹತ್ತಿ ಹೊಲಕ್ಕೆ ಹೋಗಿ, ಜೋಲಿ ತೂಗುತ್ತಿರುವ ಹುಡುಗಿಗೆ ಯಾವ ಕ್ಲಾಸು ಎಂದು ಕೇಳಿ, ಮಧ್ಯಾಹ್ನದ ಕಲಾಪಕ್ಕೆ ವಾಪಸ್ ಬರಬಹುದು.